ತೋಟ ತುಂಡು ಮಾಡಿ ಮಾರುವ ಮುನ್ನ: ಮೋಜಿಣಿ, ಪೋಡಿ ಮತ್ತು ಖರ್ಚಿನ ಲೆಕ್ಕ

ಸಾಲದ ಬಾಬ್ತು ಮಾತನಾಡಲು ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಈಚೆಗೆ ಎದ್ದು ಹೋಗುವ ಮುನ್ನ ಒಂದು ಪ್ರಶ್ನೆ ಕೇಳುತ್ತಾರೆ: "ಮೇಲಿನ ಮಗ್ಗುಲಲ್ಲಿ ಎರಡು ಎಕರೆ ಕೊಟ್ಟುಬಿಡೋಣ ಅಂತಿದ್ದೇನೆ, ಸರ್ವೆಗೆ ಎಷ್ಟು ಬೀಳುತ್ತೆ?" ಮಕ್ಕಳ ಓದು, ಆಸ್ಪತ್ರೆಯ ಬಿಲ್ಲು, ಹಳೆಯ ಸಾಲ, ತೋಟ ನೋಡಿಕೊಳ್ಳುವವರೇ ಇಲ್ಲದಿರುವುದು, ಕಾರಣಗಳು ಎಲ್ಲರಿಗೂ ತಿಳಿದವೇ. ಮಾರಬೇಕೋ ಬೇಡವೋ ಎಂಬುದು ಅವರವರ ಮನೆಯ ವಿಚಾರ. ಮಾರುವುದೇ ಆದರೆ ಕ್ರಮ ಯಾವುದು, ದುಡ್ಡು ಎಲ್ಲಿ ಖರ್ಚಾಗುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ವಿವರಿಸುತ್ತೇವೆ.

ಮೊದಲಿಗೇ ಹೇಳಿಬಿಡುವುದು ಒಳ್ಳೆಯದು: ಅಳತೆಯ ಸರ್ಕಾರಿ ಶುಲ್ಕ ಇಡೀ ವ್ಯವಹಾರದಲ್ಲಿ ಅತಿ ಸಣ್ಣ ಬಾಬ್ತು. ಅಳತೆ ಮಾಡಿಸದೆ ಮುಂಗಡ ಹಿಡಿದುಕೊಂಡದ್ದರಿಂದ ಆಗುವ ನಷ್ಟವೇ ದೊಡ್ಡದು.

ಒಂದು ಸರ್ವೆ ನಂಬರನ್ನಾಗಲಿ ಹಿಸ್ಸೆಯನ್ನಾಗಲಿ ಪೂರ್ತಿಯಾಗಿ ಮಾರುವುದಾದರೆ ಹೊಸ ನಕ್ಷೆಯ ಗೊಡವೆ ಇಲ್ಲ. ಅದರಲ್ಲಿ ಒಂದು ಭಾಗವನ್ನು ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕೇ ಬೇಕು. ಇದಕ್ಕೆ ಮ್ಯುಟೇಷನ್ ಪೂರ್ವ ನಕ್ಷೆ ಎಂದೂ ಹೆಸರು. ಇದಿಲ್ಲದೆ ಉಪನೋಂದಣಾಧಿಕಾರಿಯವರು ಭಾಗದ ಕ್ರಯಪತ್ರವನ್ನು ನೋಂದಾಯಿಸುವುದಿಲ್ಲ. ನಕ್ಷೆಯಾಗಿ, ಕ್ರಯ ನೋಂದಣಿಯಾಗಿ, ಖಾತೆ ಬದಲಾದ ಮೇಲೆ ಹೊಸ ತುಂಡಿಗೆ ಪ್ರತ್ಯೇಕ ಹಿಸ್ಸಾ ನಂಬರು, ಪ್ರತ್ಯೇಕ ಪಹಣಿ ಬರುತ್ತದೆ. ಹದ್ದುಬಸ್ತು ಎಂಬುದು ಇದಲ್ಲ. ಈಗಾಗಲೇ ಇರುವ ಗಡಿಯನ್ನು ದಾಖಲೆಯಂತೆ ಗುರುತಿಸಿ ತೋರಿಸುವುದು ಹದ್ದುಬಸ್ತು. ಹೊಸ ಗಡಿ ಹಾಕಿ ತುಂಡು ಮಾಡುವುದು ಪೋಡಿ. ಇವೆರಡನ್ನೂ ಗೊಂದಲ ಮಾಡಿಕೊಂಡು, ಹದ್ದುಬಸ್ತಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದು, ಕಡೆಗೆ ಕ್ರಯಕ್ಕೆ ಹೋದಾಗ ಅದು ಸಲ್ಲದೆಂದು ತಿಳಿದು ಹಿಂದಿರುಗಿದವರನ್ನು ನಾವು ಕಂಡಿದ್ದೇವೆ.

ಅರ್ಜಿದಾರರ ಹೆಸರು ಪಹಣಿಯ 9ನೇ ಕಾಲಂನಲ್ಲಿ ಇರಬೇಕು. ಮಲೆನಾಡಿನ ಅರ್ಧ ತೊಡಕು ಇಲ್ಲಿಯೇ ಇದೆ. ತಂದೆಯವರು ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅವರೇ ಇರುತ್ತಾರೆ. ಮೊದಲು ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಏಕೆ ಎಂದು ಕೇಳುವವರು ಈಗಲೂ ಇದ್ದಾರೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಅಕ್ಕತಂಗಿಯರನ್ನು ಬಿಟ್ಟು ಮಾಡಿದ ಕ್ರಯ ಕೊಂಡವರ ಕೊರಳಿಗೂ ಮಾರಿದವರ ಕೊರಳಿಗೂ ದಾವೆಯಾಗಿ ಸುತ್ತಿಕೊಳ್ಳುತ್ತದೆ.

ಇನ್ನು ವಿಸ್ತೀರ್ಣ. ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎಂದು ಬರೆದಿರುವುದನ್ನು ಎಷ್ಟು ಮಂದಿ ನೋಡಿದ್ದಾರೆ? ಅದರಲ್ಲಿ ಎರಡು ಬಗೆ. ಬಂಡೆ, ಕೊರಕಲು ಮೊದಲಾಗಿ ಸಾಗುವಳಿಗೆ ಬಾರದ್ದು ಅ ಖರಾಬು. ಇದು ಹಿಡುವಳಿಯ ಜೊತೆಗೇ ಇರುತ್ತದೆ, ಕಂದಾಯ ಮಾತ್ರ ಇಲ್ಲ. ಹಳ್ಳ, ದಾರಿ, ಸ್ಮಶಾನ ಮುಂತಾಗಿ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ಬ ಖರಾಬು. ಇದನ್ನು ಮಾರುವ ಹಕ್ಕು ನಮಗಿಲ್ಲ. ಒಟ್ಟು 6 ಎಕರೆ 20 ಗುಂಟೆ ಇರುವ ಹಿಡುವಳಿಯಲ್ಲಿ 20 ಗುಂಟೆ ಬ ಖರಾಬು ಇದ್ದರೆ ಕೈಯಲ್ಲಿರುವುದು 6 ಎಕರೆ ಮಾತ್ರ. ಎಕರೆಗೆ 10 ಲಕ್ಷ ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಬಾಯಿಮಾತಿನ ವಿಸ್ತೀರ್ಣಕ್ಕೂ ದಾಖಲೆಯ ವಿಸ್ತೀರ್ಣಕ್ಕೂ 5 ಲಕ್ಷದ ಅಂತರ. ಜಗಳಕ್ಕೆ ಇಷ್ಟು ಸಾಕಲ್ಲವೆ?

ಇಳಿಜಾರಿನ ಲೆಕ್ಕ ಇನ್ನೊಂದು. ಮೋಜಿಣಿಯಲ್ಲಿ ವಿಸ್ತೀರ್ಣವೆಂದರೆ ಮಟ್ಟಸ ಅಳತೆಯೇ ಹೊರತು ನೆಲದ ಮೈಮೇಲೆ ಟೇಪು ಹಾಸಿ ಅಳೆದದ್ದಲ್ಲ. ಹಿಂದಿನವರ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಆ ಸರಪಳಿಯನ್ನೂ ಏರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಟ್ಟಸ ಹಿಡಿದೇ ಅಳೆಯಬೇಕು. 30 ಡಿಗ್ರಿಯ ಕಡಿದಾದ ಏರಿನಲ್ಲಿ ನೆಲದ ಮೇಲೆ 100 ಅಡಿ ಅಳೆದರೆ ನಕ್ಷೆಯಲ್ಲಿ ಅದು ಸುಮಾರು 86 ಅಡಿ 7 ಅಂಗುಲ. ಆದ್ದರಿಂದ ಅಂಥ ಏರಿನಲ್ಲಿ ಟೇಪು ಹಾಸಿ "ಎರಡು ಎಕರೆ" ಎಂದು ಗೂಟ ಹೊಡೆದು ತೋರಿಸಿದ ಜಾಗ ಸರ್ವೆಯವರ ಕೈಯಲ್ಲಿ 1 ಎಕರೆ 29 ಗುಂಟೆಗೆ ಇಳಿಯುತ್ತದೆ. ಕೊಳ್ಳುವವರು ಮೋಸವೆನ್ನುತ್ತಾರೆ, ಮಾರುವವರು ಸರ್ವೆಯವರನ್ನು ಬೈಯುತ್ತಾರೆ. ತಪ್ಪು ಯಾರದೂ ಅಲ್ಲ.

ಗಿಡ ಎಣಿಸಿ ಎಕರೆ ಹೇಳುವ ಪದ್ಧತಿಯೂ ನಮ್ಮಲ್ಲಿ ಬಳಕೆಯಲ್ಲಿದೆ. ಹತ್ತಡಿ ಅಂತರದ ರೊಬಸ್ಟಾ ಎಕರೆಗೆ 435 ಗಿಡ, ಒಂಬತ್ತಡಿ ಅಂತರದ ಅಡಿಕೆ 537 ಮರ ಎಂಬುದು ಕಾಗದದ ಲೆಕ್ಕ. ಹುಸಿ ಹೋದ ಗಿಡ, ನಡುವೆ ತೂರಿಸಿ ನೆಟ್ಟ ಗಿಡ, ಬಂಡೆ, ಬಸಿಗಾಲುವೆ ಎಲ್ಲ ಸೇರಿದಾಗ ಈ ಎಣಿಕೆ ಅಂದಾಜಿಗೆ ಸರಿ, ಕ್ರಯಕ್ಕೆ ಸಲ್ಲದು.

ಅಳತೆಯ ಖರ್ಚಿಗೆ ಬರೋಣ. ನಾಡಕಚೇರಿಯ ಅಥವಾ ತಾಲ್ಲೂಕು ಕಚೇರಿಯ ಮೋಜಿಣಿ ಕೌಂಟರಿನಲ್ಲಿ ಅರ್ಜಿ ಕೊಟ್ಟಾಗ ವಿಸ್ತೀರ್ಣಕ್ಕೆ ತಕ್ಕಂತೆ ಶುಲ್ಕ ಕಟ್ಟಿಸಿಕೊಂಡು ರಸೀದಿ ಕೊಡುತ್ತಾರೆ. ಅಳೆಯಲು ಬರುವವರು ಸರ್ಕಾರಿ ಭೂಮಾಪಕರಿರಬಹುದು, ಪರವಾನಗಿ ಪಡೆದ ಭೂಮಾಪಕರಿರಬಹುದು. ಪರವಾನಗಿದಾರರಿಗೂ ಕೆಲಸ ಹಂಚುವುದು ಇಲಾಖೆಯೇ. ಅವರ ಸಂಭಾವನೆ ನಾವು ಕಟ್ಟಿದ ಶುಲ್ಕದಿಂದಲೇ ಸಲ್ಲುತ್ತದೆ. ರಸೀದಿಯ ಹೊರಗೆ ಕೇಳಿದರೆ ಕೊಡಬೇಕಾದ ಕಾರಣವಿಲ್ಲ. ಊಟ, ಕಾಫಿ ನಮ್ಮ ಮನೆಯ ಮರ್ಯಾದೆ, ಅದು ಬೇರೆ ಮಾತು. ಖಾಸಗಿಯವರನ್ನು ಕರೆಸಿ ಬಣ್ಣಬಣ್ಣದ ನಕ್ಷೆ ಮಾಡಿಸುವವರೂ ಇದ್ದಾರೆ. ತೋಟದ ಯೋಜನೆಗೆ, ಎಲ್ಲಿ ಗೆರೆ ಹಾಕಬೇಕೆಂಬ ಆಲೋಚನೆಗೆ ಅದು ಉಪಯುಕ್ತ. ನೋಂದಣಿಗೆ ಮಾತ್ರ ಆಗದು. 2022ರಲ್ಲಿ ಸರ್ಕಾರ 'ಸ್ವಾವಲಂಬಿ' ಎಂಬ ವ್ಯವಸ್ಥೆ ತಂದು, ಹಿಡುವಳಿದಾರರೇ ತಮ್ಮ ನಕ್ಷೆ ತಯಾರಿಸಿ ಸಲ್ಲಿಸಲು ಅವಕಾಶ ಮಾಡಿತು. ಬಯಲುಸೀಮೆಯ ಹೊಲಕ್ಕೆ ಅದು ಚೆನ್ನ. ಸಿಲ್ವರ್ ಓಕಿನ ದಟ್ಟ ನೆರಳಿನಲ್ಲಿ ಉಪಗ್ರಹದ ಸಂಕೇತವೇ ಸರಿಯಾಗಿ ಸಿಗದಿರುವಾಗ ಮೊಬೈಲು ತೋರಿಸಿದ ಬಿಂದುವನ್ನು ನಂಬಿ ಕಲ್ಲು ನೆಡುವುದು ನಮಗಂತೂ ಒಪ್ಪಿಗೆಯಿಲ್ಲ.

ಶುಲ್ಕಕ್ಕಿಂತ ಹೆಚ್ಚು ಹಣ ಹೋಗುವುದು ಆಳಿನ ಕೂಲಿಗೆ. ಗಡಿಯ ಗೆರೆ ಸವರಿಸಬೇಕು, ಹಳೆಯ ಬಾಂದುಕಲ್ಲು ಹುಡುಕಬೇಕು, ಹೊಸ ಕಲ್ಲು ತರಿಸಿ ಹೊತ್ತು ನೆಡಿಸಬೇಕು. ಒಂದು ಬಾಂದುಕಲ್ಲು ಸಿಗದಿದ್ದರೆ ಪಕ್ಕದ ನಂಬರಿನಿಂದ ಅಳೆದು ತರಬೇಕಾಗುತ್ತದೆ, ಅರ್ಧ ದಿನ ಅಲ್ಲೇ ಹೋಯಿತು. ಸರ್ವೆಯವರು ಬರುವ ಮುನ್ನವೇ ಸವರಿಸಿಟ್ಟರೆ ಒಂದೇ ದಿನಕ್ಕೆ ಕೆಲಸ ಮುಗಿದೀತು. ಮಳೆಗಾಲದಲ್ಲಿ ಅಳತೆಯ ಆಸೆ ಬೇಡ. ಜಿಗಣೆಗೆ ಹೆದರದ ಭೂಮಾಪಕರನ್ನು ನಾವಿನ್ನೂ ನೋಡಿಲ್ಲ. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವುದರೊಳಗಿನ ಅವಧಿ ಒಳ್ಳೆಯದು. ಹೂವು ಅರಳಿರುವಾಗ ನಾಲ್ಕಾರು ಜನ ಗಿಡದ ಸಾಲಿನಲ್ಲಿ ನುಗ್ಗುವುದು ಯಾರಿಗೂ ಹಿತವಲ್ಲ.

ಗೆರೆ ಎಲ್ಲಿ ಹಾಕಬೇಕು ಎಂಬುದೇ ಮುಖ್ಯ. ಸರ್ವೆಯ ಗೆರೆ ಬಿಂದುವಿನಿಂದ ಬಿಂದುವಿಗೆ ನೇರ. ಪ್ರತಿ ತಿರುವಿಗೂ ಒಂದು ಕಲ್ಲು ಬೇಕು. ಅಗಳು, ದರೆ, ಬಸಿಗಾಲುವೆಯ ಗುಂಟ ಹೋದರೆ ಬಿಂದುಗಳು ಹೆಚ್ಚಾದರೂ ಮುಂದಿನ ತಲೆಮಾರಿಗೆ ಗಡಿ ಕಣ್ಣಿಗೆ ಕಾಣುತ್ತದೆ. ಕೆರೆ, ಪಂಪುಮನೆ, ಕಣ, ಲೈನುಮನೆ ಯಾವ ಪಾಲಿಗೆ ಬರುತ್ತವೆ? ಕೆಳಗಿನ ತುಂಡು ಮಾರಿದರೆ ಮೇಲಿನ ತೋಟಕ್ಕೆ ನೀರೆಲ್ಲಿಂದ? ರಸ್ತೆ ಬದಿಯ ತುಂಡು ಮಾರಿದರೆ ಹಿಂದಿನ ತೋಟಕ್ಕೆ ಗೊಬ್ಬರದ ಲಾರಿ ಹೇಗೆ ಬಂದೀತು? ಬೇರೆ ದಾರಿಯೇ ಇಲ್ಲದಾಗ ಅಗತ್ಯದ ದಾರಿ ಹಕ್ಕನ್ನು 1882ರ ಈಸ್‌ಮೆಂಟ್ ಕಾಯಿದೆ ಒಪ್ಪುತ್ತದೆ. ಆದರೆ ಅದನ್ನು ನ್ಯಾಯಾಲಯದಲ್ಲಿ ಸಾಧಿಸುವಷ್ಟರಲ್ಲಿ ಮಾರಿದ ಹಣ ಮುಗಿದಿರುತ್ತದೆ. ದಾರಿಯ ಅಗಲ ಇಷ್ಟು ಅಡಿ, ವಾಹನ ಹೋಗಬಹುದು, ಪೈಪು ಹಾಯಬಹುದು ಎಂದು ಕ್ರಯಪತ್ರದಲ್ಲಿಯೇ ಬರೆಸಿ, ನಕ್ಷೆಯಲ್ಲಿಯೂ ತೋರಿಸಬೇಕು. ಗಡಿಯ ಮೇಲೆ ನಿಂತ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಯಾರದು ಎಂಬುದನ್ನೂ ಬರೆಸಿಬಿಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ನೆರೆಹೊರೆಯವರ ಮೆಣಸಿನ ಬಳ್ಳಿಗೂ ಅನ್ವಯಿಸುತ್ತದೆ.

ಪೋಡಿಯೇ ಆಗದೆ ನಿಲ್ಲುವ ಸಂದರ್ಭವೂ ಉಂಟು. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನರ ಪಹಣಿ ಕೂಡಿದರೆ 13 ಎಕರೆ, ಆಕಾರಬಂದಿನಲ್ಲಿ ಇರುವುದು 12 ಎಕರೆ 20 ಗುಂಟೆ ಎಂದಾದರೆ, ಆ 20 ಗುಂಟೆ ಯಾರ ಪಾಲಿನಿಂದ ಕಳೆಯಬೇಕೆಂದು ತೀರ್ಮಾನವಾಗುವವರೆಗೆ ಯಾವ ತುಂಡೂ ಹೊರಬರುವುದಿಲ್ಲ. ದರಖಾಸ್ತಿನ ಜಮೀನುಗಳಲ್ಲಿ ಇದು ಹೆಚ್ಚು. ಮಂಜೂರಾದ ಜಮೀನಿಗೆ ಪರಭಾರೆ ನಿಷೇಧದ ಅವಧಿ ಮುಗಿದಿದೆಯೇ ಎಂದು ಮಂಜೂರಾತಿ ಪತ್ರ ತೆಗೆದು ನೋಡತಕ್ಕದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮುಟ್ಟುವಂತೆಯೇ ಇಲ್ಲ.

ಅಡಿಕೆ ಬೆಳೆಗಾರರಿಗೆ ವಿಶೇಷವಾಗಿ ಒಂದು ಮಾತು. ಸೊಪ್ಪಿನ ಬೆಟ್ಟ, ಕುಮ್ಕಿ, ಕಾನೆ, ಬಾಣೆ ಇವು ಭೂಕಂದಾಯ ಕಾಯಿದೆಯ 79ನೇ ಕಲಂ ಕೆಳಗಿನ ಸವಲತ್ತುಗಳೇ ಹೊರತು ಸ್ವಂತ ಜಮೀನಲ್ಲ. ಇವನ್ನು ತೋಟದಿಂದ ಬೇರ್ಪಡಿಸಿ ಮಾರಲಾಗದು. ವರ್ಗ ಜಮೀನಿನ ಗಡಿಯಿಂದ ನೂರು ಗಜದ ಕುಮ್ಕಿಯನ್ನು ಎಕರೆ ಲೆಕ್ಕಕ್ಕೆ ಸೇರಿಸಿ ಬೆಲೆ ಹೇಳುವ ದಲ್ಲಾಳಿಗಳಿದ್ದಾರೆ. ಅವರ ಮಾತಿಗೆ ಸಹಿ ಹಾಕುವವರು ಮಾತ್ರ ನಾವು. ಕೊಡಗಿನ ಜಮ್ಮಾ ಬಾಣೆಯ ಪ್ರಶ್ನೆ ಬೇರೆಯೇ ಆಗಿದ್ದು, ಇಲ್ಲಿ ಅದನ್ನು ಎತ್ತಿಕೊಂಡಿಲ್ಲ.

ಕ್ರಯದ ಖರ್ಚು ಕೊಳ್ಳುವವರದು, ಅಳತೆಯ ಖರ್ಚು ಮಾರುವವರದು ಎಂಬುದು ರೂಢಿ. ಆದರೆ ಬೆಲೆ ಕುದುರುವಾಗ ಕೊಳ್ಳುವವರು ಎರಡನ್ನೂ ಮನಸ್ಸಿನಲ್ಲಿ ಕಳೆದೇ ಹೇಳುತ್ತಾರೆ. ಗ್ರಾಮಾಂತರದಲ್ಲಿ 20 ಲಕ್ಷದ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇಕಡಾ 5ರಂತೆ 1 ಲಕ್ಷ. ಆ ಶುಲ್ಕದ ಮೇಲೆ ಶೇಕಡಾ 10 ಉಪಕರ 10,000, ಶೇಕಡಾ 3 ಅಧಿಭಾರ 3,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2 ಆದ್ದರಿಂದ 40,000. ಕೂಡಿದರೆ 1,53,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಅಣ್ಣತಮ್ಮಂದಿರ ನಡುವಿನ ವಿಭಾಗ ಪತ್ರಕ್ಕೆ ಹೀಗೆ ಶೇಕಡಾವಾರು ಮುದ್ರಾಂಕವಿಲ್ಲ, ಪಾಲಿಗಿಷ್ಟು ಎಂಬ ನಿಗದಿ ಮೊತ್ತ. ಆದ್ದರಿಂದ ಮನೆಯೊಳಗಿನ ಪಾಲನ್ನು ಕ್ರಯವೆಂದು ಬರೆಸುವುದು ವೃಥಾ ನಷ್ಟ.

2020ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದಾಗಿದೆ. ಪೇಟೆಯ ಖರೀದಿದಾರರು ವಕೀಲರನ್ನು ಕರೆದುಕೊಂಡೇ ಬರುತ್ತಾರೆ. ಮೂರು ತಿಂಗಳೊಳಗೆ ಕ್ರಯ ಮಾಡಿಕೊಡುವುದಾಗಿ ಕರಾರು ಬರೆಸಿ ದೊಡ್ಡ ಮುಂಗಡ ಕೊಡುತ್ತಾರೆ. ಆ ಮುಂಗಡ ಆಸ್ಪತ್ರೆಗೋ ಕಾಲೇಜಿಗೋ ಕಟ್ಟಿ ಮುಗಿದಿರುತ್ತದೆ. ಅಳತೆ ಇನ್ನೂ ಸರದಿಯಲ್ಲಿರುತ್ತದೆ. ಹೀಗಾಗಿ, 'ಕರಾರಿನ ದಿನಾಂಕದಿಂದ' ಎಂಬುದರ ಬದಲು '11ಇ ನಕ್ಷೆ ಕೈಸೇರಿದ ದಿನಾಂಕದಿಂದ ಇಷ್ಟು ದಿನದೊಳಗೆ' ಎಂದೂ, ಬೆಲೆ 'ಅಳತೆಯಲ್ಲಿ ಬಂದ ವಿಸ್ತೀರ್ಣಕ್ಕೆ ಎಕರೆಗೆ ಇಷ್ಟು' ಎಂದೂ ಬರೆಸಬೇಕು. ಈ ಎರಡು ಸಾಲಿಗೆ ಒಪ್ಪದ ಖರೀದಿದಾರರನ್ನು ಬಿಟ್ಟುಬಿಡುವುದೇ ಮೇಲು.

ನಮ್ಮ ಸಂಘದಲ್ಲಾಗಲಿ ಬೇರೆ ಬ್ಯಾಂಕಿನಲ್ಲಾಗಲಿ ಸಾಲವಿದ್ದರೆ ಪಹಣಿಯ 11ನೇ ಕಾಲಂನಲ್ಲಿ ಇಡೀ ಹಿಡುವಳಿಯ ಮೇಲೆ ಋಣಭಾರ ಕಾಣುತ್ತದೆ. ತುಂಡಾದ ಮಾತ್ರಕ್ಕೆ ಅದು ಕರಗುವುದಿಲ್ಲ. ಮಾರುವ ಭಾಗವನ್ನು ಬಿಡುಗಡೆ ಮಾಡಿಸಿಕೊಳ್ಳಲು ಉಳಿಯುವ ತೋಟ ಬಾಕಿ ಸಾಲಕ್ಕೆ ಸಾಕಷ್ಟು ಭದ್ರತೆಯಾಗಬೇಕು. ಆದಕಾರಣ ಸದಸ್ಯರು ಕರಾರಿಗೆ ಮುಂಚೆಯೇ ಇತ್ತೀಚಿನ ಪಹಣಿ, ಮ್ಯುಟೇಷನ್ ಪ್ರತಿ, ಆಕಾರಬಂದ್ ಮತ್ತು ಗೆರೆ ಹಾಕಬೇಕೆಂದಿರುವ ಜಾಗದ ಕೈನಕ್ಷೆಯೊಡನೆ ಕಚೇರಿಗೆ ಬರತಕ್ಕದ್ದು. ಕಾಫಿ ತೋಟವಾದರೆ ಕಾಫಿ ಮಂಡಳಿಯ ನೋಂದಣಿಯಲ್ಲಿಯೂ ವಿಸ್ತೀರ್ಣ ತಿದ್ದಿಸಬೇಕಾಗುವುದರಿಂದ ಆ ಪ್ರಮಾಣಪತ್ರವನ್ನೂ ಜೊತೆಗೆ ತರುವುದು.