ಪುಟಾಣಿಗೆ ಯಾಕಮ್ಮ ಮಾರ್ಕ್ಸು?

‘ಎಲ್‌ಕೆಜಿಯಲ್ಲೇ ಬಿ ಗ್ರೇಡ್ ಬಂದಿದೆ ಕಣ್ರೀ, ಮುಂದೆ ಹೇಗೋ ಏನೋ...’ ಶಾಲೆ ಗೇಟಿನ ಬಳಿ ಅಮ್ಮಂದಿರ ಈ ಪೇಚಾಟ ಹೊಸದಲ್ಲ. ಪಕ್ಕದ ಮನೆ ಹುಡುಗಿಗೆ ಎ ಪ್ಲಸ್ ಬಂದಿದ್ದರಂತೂ ಮುಗಿದೇ ಹೋಯ್ತು! ಸಂಜೆಯ ಆಟ ಬಂದ್, ಕಾಪಿ ರೈಟಿಂಗ್ ಶುರು.

ಸ್ವಲ್ಪ ತಾಳಿ. ಮನೆಯಲ್ಲಿ ಪಟಪಟ ಅಂತ ಇಪ್ಪತ್ತರವರೆಗೆ ಎಣಿಸುವ ಮಗು, ಮಿಸ್ ಸ್ವಲ್ಪ ಜೋರು ಮಾಡಿದರೆ ಬಾಯೇ ಬಿಡದು. ‘ಕೆಂಪು’ ಗೊತ್ತಿರುವ ಮಗುವಿಗೆ ‘ರೆಡ್’ ಗೊತ್ತಿಲ್ಲದಿದ್ದರೆ ಬಣ್ಣವೇ ಗೊತ್ತಿಲ್ಲ ಅಂತ ಬರೆದುಬಿಡುತ್ತಾರೆ. ಜೂನ್‌ನಲ್ಲಿ ಹುಟ್ಟಿದ ಮಗುವೂ ಮರುವರ್ಷದ ಮೇನಲ್ಲಿ ಹುಟ್ಟಿದ ಮಗುವೂ ಒಂದೇ ಕ್ಲಾಸಿನಲ್ಲಿ ಕೂತಿರಬಹುದು. ಈ ವಯಸ್ಸಿಗೆ ಅದು ದೊಡ್ಡ ಅಂತರ. ಅರ್ಧ ಗಂಟೆಯ ಟೆಸ್ಟು ಇದನ್ನೆಲ್ಲ ಹೇಳೀತೇ?

ನಿಯಮ ಏನನ್ನುತ್ತೆ?

ಪ್ರೀಸ್ಕೂಲ್ ಮಕ್ಕಳಿಗೆ ಬರೆಯುವ ಪರೀಕ್ಷೆಯೂ ಬೇಡ, ಬಾಯಿಮಾತಿನ ಪರೀಕ್ಷೆಯೂ ಬೇಡ ಎಂದು ಎನ್‌ಸಿಇಆರ್‌ಟಿ 2019ರ ಪ್ರೀಸ್ಕೂಲ್ ಪಠ್ಯಕ್ರಮದಲ್ಲೇ ಹೇಳಿದೆ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ, ಮಗುವನ್ನು ಗಮನಿಸಿ, ಅದು ಬರೆದ ಚಿತ್ರ, ಮಾಡಿದ ಕೆಲಸ ನೋಡಿ ಕಲಿಕೆ ತಿಳಿಯಿರಿ ಎನ್ನುತ್ತದೆ. ಇನ್ನು, ಒಂದನೇ ಕ್ಲಾಸಿಗೆ ಸೇರಿಸುವಾಗ ಮಗುವಿಗೆ ಟೆಸ್ಟು, ಅಪ್ಪ-ಅಮ್ಮನಿಗೆ ಇಂಟರ್‌ವ್ಯೂ ಮಾಡಿ ಆರಿಸಿಕೊಳ್ಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯ ಶಾಲೆ ಹಾಗೆ ಮಾಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ!

ಹಾಗಾದರೆ ಟೀಚರ್ ಏನೂ ನೋಡಬಾರದೇ?

ನೋಡಲೇಬೇಕು. ಆದರೆ ಮಗು ಯಾರಿಗಿಂತ ಮುಂದೆ ಅಂತಲ್ಲ, ಅದಕ್ಕೆ ಮುಂದೇನು ಕಲಿಸಬೇಕು ಅಂತ. ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ ಹೀಗೆ ಕೇಳಿ:

* ಜೂನ್‌ನಲ್ಲಿ ಬಾರದಿದ್ದದ್ದು ಈಗ ಏನೇನು ಬರುತ್ತೆ?

* ಬೇರೆ ಮಕ್ಕಳ ಜತೆ ಬೆರೆಯುತ್ತಾ? ತನ್ನ ಸರದಿಗೆ ಕಾಯುತ್ತಾ?

* ಕೇಳಿದ ಕಥೆಯನ್ನು ತನ್ನ ಮಾತಲ್ಲಿ ಹೇಳುತ್ತಾ? ಮನೆಮಾತಲ್ಲಾದರೂ ಸರಿ.

* ಮನೆಯಲ್ಲಿ ನಾನೇನು ಮಾಡಲಿ?

ಇದನ್ನು ಕಡೆಗಣಿಸಬೇಡಿ

ಕರೆದರೆ ತಿರುಗದಿರುವುದು, ಬೋರ್ಡ್ ನೋಡಲು ಕಣ್ಣು ಕಿರಿದು ಮಾಡುವುದು, ಮೂರು ತುಂಬಿದರೂ ಸಣ್ಣ ವಾಕ್ಯ ಹೇಳದಿರುವುದು, ಬರುತ್ತಿದ್ದ ಮಾತು ನಿಂತುಹೋಗುವುದು... ಇಂಥದ್ದನ್ನು ಟೀಚರ್ ಹೇಳಿದರೆ ‘ನಮ್ಮ ಮಗುವಿಗೇ ಹೆಸರಿಡ್ತಾರೆ’ ಅಂತ ಸಿಟ್ಟಾಗಬೇಡಿ. ಗಮನಿಸುವುದರ ನಿಜವಾದ ಉಪಯೋಗ ಇದೇ. ‘ದೊಡ್ಡದಾದ ಮೇಲೆ ಸರಿಹೋಗುತ್ತೆ’ ಅಂತ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಾತು, ಕಿವಿಯ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಮುಂದಿನ ಸಲ ರಿಪೋರ್ಟ್ ಕಾರ್ಡ್ ಬಂದಾಗ ಗ್ರೇಡನ್ನು ಬದಿಗಿಟ್ಟು, ಟೀಚರ್ ಬರೆದ ಎರಡು ಸಾಲು ಓದಿ. ಏನೂ ಬರೆದಿಲ್ಲವೇ? ‘ನನ್ನ ಮಗುವಿನ ಬಗ್ಗೆ ಎರಡು ಮಾತು ಬರೀರಿ ಮಿಸ್’ ಅಂತ ಕೇಳಿಯೇಬಿಡಿ. ಏನಂತೀರಿ?