ಹೆಡ್‌ಫೋನ್ ಹಾಕಿದರೆ ಕಿವಿಹಾಲೆಗೆ ರಜೆ

ಹಾಸನದ ಓದುಗರೊಬ್ಬರ ಪ್ರಶ್ನೆ ಇದು: "ಮನೆಯಲ್ಲೇ ಲ್ಯಾಪ್‌ಟಾಪ್‌ನಲ್ಲಿ ಭಾವಗೀತೆ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೂತು ಮಿಕ್ಸ್ ಮಾಡುತ್ತೇನೆ. ಆಗ ಕೊಳಲು ಅಷ್ಟು ದೂರ, ಗಿಟಾರ್ ಇಷ್ಟು ದೂರ, ಎಲ್ಲ ಬಿಡಿಬಿಡಿಯಾಗಿ ಚೆನ್ನಾಗಿ ಕೇಳುತ್ತದೆ. ಅದನ್ನೇ ಸ್ನೇಹಿತನ ಮನೆಯ ಸ್ಪೀಕರ್‌ನಲ್ಲಿ ಹಾಕಿದರೆ ವಾದ್ಯಗಳೆಲ್ಲ ನಡುವೆ ಬಂದು ಗುಂಪುಗಟ್ಟುತ್ತವೆ, ಹಾಡಿದವರ ದನಿ ಹಿಂದೆ ಸರಿಯುತ್ತದೆ. ಹೆಡ್‌ಫೋನ್‌ನಲ್ಲಿ ಮಿಕ್ಸ್ ಮಾಡಲೇಬಾರದು ಅನ್ನುತ್ತಾರೆ ಸ್ಟುಡಿಯೋದವರು. ಯಾಕೆ?"

ಮಾಡಲೇಬಾರದು ಎನ್ನುವುದು ಮಡಿವಂತಿಕೆಯ ಮಾತು, ಅದನ್ನು ಆಮೇಲೆ ವಿಚಾರಿಸಿಕೊಳ್ಳೋಣ. ಆದರೆ ಅವರಿಗೆ ಕೇಳಿಸಿದ್ದು ಸುಳ್ಳಲ್ಲ. ನಿಮ್ಮೆದುರು ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇದೆ ಅನ್ನಿ. ಎಡ ಸ್ಪೀಕರ್ ಎಡಗಿವಿಗೆ ಮಾತ್ರ ಹಾಡುವುದಿಲ್ಲ. ಅದರ ಸದ್ದು ಮುಖವನ್ನು ಬಳಸಿಕೊಂಡು ಬಲಗಿವಿಗೂ ಹೋಗುತ್ತದೆ. ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು ತಡವಾಗಿ, ತಲೆಯ ನೆರಳು ಬಿದ್ದು ತಾರದ ಸ್ವರಗಳು ಒಂದಿಷ್ಟು ಮಂಕಾಗಿ. ಹೆಡ್‌ಫೋನ್ ಈ ದಾರಿಯನ್ನೇ ಕತ್ತರಿಸಿಬಿಡುತ್ತದೆ. ಎಡದ್ದು ಎಡಗಿವಿಗಷ್ಟೇ, ಬಲದ್ದು ಬಲಗಿವಿಗಷ್ಟೇ. ಹಾಗಾಗಿ ಪೂರ್ತಿ ಎಡಕ್ಕೆ ಪ್ಯಾನ್ ಮಾಡಿದ ಗಿಟಾರ್ ಸ್ಪೀಕರ್‌ನಲ್ಲಿ ಮೂಗಿನ ನೇರದಿಂದ 30 ಡಿಗ್ರಿ ಆಚೆ ಕೂತರೆ, ಹೆಡ್‌ಫೋನ್‌ನಲ್ಲಿ ಕಿವಿಗೇ ಅಂಟಿಕೊಂಡಿರುತ್ತದೆ. ಹೆಡ್‌ಫೋನ್‌ನಲ್ಲಿ ನೀವು ವಾದ್ಯಗಳನ್ನು ಹರಡಿದ್ದು 180 ಡಿಗ್ರಿಯ ಅಂಗಳದಲ್ಲಿ. ಸ್ಪೀಕರ್ ಅವನ್ನೆಲ್ಲ 60 ಡಿಗ್ರಿಯ ಜಗಲಿಗೆ ಕರೆದು ಕೂರಿಸಿತು, ಅಷ್ಟೆ.

ಇದರ ತಿರುಗುಮುರುಗು ನೋಡಬೇಕಿದ್ದರೆ ಬೀಟಲ್ಸ್‌ನವರ 1965ರ ‘ರಬ್ಬರ್ ಸೋಲ್’ ಆಲ್ಬಮ್ಮಿನ ಹಳೆಯ ಸ್ಟೀರಿಯೋ ಮಿಕ್ಸ್ ಕೇಳಿ. ದನಿಗಳು ಬಹುಪಾಲು ಬಲಕ್ಕೆ, ವಾದ್ಯಗಳು ಎಡಕ್ಕೆ. ಕೋಣೆಯ ಸ್ಪೀಕರ್‌ನಲ್ಲಿ ಅದು ಹೇಗೋ ನಡೆಯುತ್ತದೆ. ಹೆಡ್‌ಫೋನ್‌ನಲ್ಲಿ ಮಾತ್ರ ಗಾಯಕರೆಲ್ಲ ಒಂದೇ ಕಿವಿಗೆ ಬಂದು ಜೋತುಬಿದ್ದಂತಾಗಿ ಸ್ವಲ್ಪ ಹೊತ್ತಿಗೇ ಕಿರಿಕಿರಿ. 1987ರಲ್ಲಿ ಸಿ.ಡಿ. ತರುವಾಗ ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದನ್ನು ಹೊಸದಾಗಿ ಮಿಕ್ಸ್ ಮಾಡಿದರು.

ಹಾಡಿದವರ ದನಿ ಹಿಂದೆ ಸರಿದದ್ದರ ಕತೆ ಇನ್ನೂ ಸೊಗಸಾಗಿದೆ. ಎರಡು ಸ್ಪೀಕರ್‌ಗಳ ನಡುವೆ ನಿಂತು ಹಾಡುವವರು ನಿಜಕ್ಕೂ ಅಲ್ಲಿಲ್ಲ. ಎರಡೂ ಕಡೆಯಿಂದ ಒಂದೇ ದನಿ ಸಮನಾಗಿ ಬಂದಾಗ ಮಿದುಳು ಅದನ್ನು ನಡುವೆ ನಿಲ್ಲಿಸಿಕೊಳ್ಳುತ್ತದೆ. ಆದರೆ ಪ್ರತಿ ಕಿವಿಗೂ ಆ ದನಿ ಎರಡೆರಡು ಸಲ ಬರುತ್ತದೆ, ಹತ್ತಿರದ ಸ್ಪೀಕರ್‌ನಿಂದ ಮೊದಲು, ದೂರದ್ದರಿಂದ ಚೂರು ತಡವಾಗಿ. ಆ ತಡದ ಲೆಕ್ಕ ಹಾಕಿದರೆ 2,000 ಹರ್ಟ್ಸ್ ಆಸುಪಾಸಿನಲ್ಲಿ ಮೊದಲು ಬಂದ ಅಲೆಯ ಉಬ್ಬಿಗೆ ಆಮೇಲೆ ಬಂದ ಅಲೆಯ ತಗ್ಗು ಸೇರಿ ಒಂದನ್ನೊಂದು ನುಂಗುತ್ತವೆ. ಅಂದರೆ ಸ್ಪೀಕರ್‌ನಲ್ಲಿ ನಡುದನಿಗೆ ಹುಟ್ಟಿನಿಂದಲೇ ಒಂದು ಹಳ್ಳ ಇದೆ, ಅದೂ ಮಾತು ಸ್ಪಷ್ಟವಾಗಿ ತಿಳಿಯಬೇಕಾದ ಜಾಗದಲ್ಲೇ. ಗೋಡೆಗೆ ಬಡಿದು ಬರುವ ಸದ್ದು ಅದನ್ನು ಸ್ವಲ್ಪ ತುಂಬುತ್ತದೆ. ಹೆಡ್‌ಫೋನ್‌ನಲ್ಲಿ ಆ ಹಳ್ಳವೇ ಇಲ್ಲ. ದನಿ ಎದ್ದು ಕೇಳಿದ್ದರಿಂದ ನಮ್ಮ ಓದುಗರು ಅದನ್ನು ಒಂದು ಕೂದಲೆಳೆ ತಗ್ಗಿಸಿಟ್ಟಿರಬೇಕು.

ಈ ಪುಟ್ಟ ತಡವನ್ನು ಮಿದುಳು ಹೇಗಾದರೂ ಗಮನಿಸುತ್ತದೆ ಅನ್ನುವುದೇ ನನಗೆ ಸೋಜಿಗ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ. ನಮ್ಮ ತಲೆ ಎಷ್ಟಗಲ? ಪಕ್ಕದಿಂದ ಬಂದ ಸದ್ದಿಗೂ ಎರಡು ಕಿವಿಗಳ ನಡುವೆ ಆಗುವ ಗರಿಷ್ಠ ಅಂತರ 0.6ರಿಂದ 0.7 ಮಿಲಿಸೆಕೆಂಡ್. ಪಳಗಿದ ಕಿವಿಗಳು ಅದರಲ್ಲೂ 10 ಮೈಕ್ರೋಸೆಕೆಂಡಿನ, ಅಂದರೆ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸವನ್ನು ಗುರುತಿಸುತ್ತವೆ. ಒಂದು ನರಕೋಶ ಒಮ್ಮೆ ಮಿಡಿಯುವುದಕ್ಕೇ ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಅದರ ನೂರನೇ ಒಂದು ಭಾಗವನ್ನು ಅಂಥ ನಿಧಾನದ ಕೋಶಗಳೇ ಸೇರಿ ಅಳೆಯುತ್ತವೆ!

ಆಕಾಶ ಯಾಕೆ ನೀಲಿ ಎಂದು ವಿವರಿಸಿದ ಲಾರ್ಡ್ ರೇಲಿಯೇ ಇದರ ಹಿಂದೆಯೂ ಬಿದ್ದಿದ್ದ. 1870ರ ದಶಕದಲ್ಲಿ ಹುಲ್ಲುಹಾಸಿನ ಮೇಲೆ ಕಣ್ಣುಮುಚ್ಚಿ ನಿಂತು, ಸುತ್ತಲೂ ಜನರನ್ನು ನಿಲ್ಲಿಸಿಕೊಂಡು ಸದ್ದು ಯಾವ ಕಡೆಯಿಂದ ಬಂತೆಂದು ಹೇಳುವ ಪ್ರಯೋಗ ಮಾಡಿದ. ಎಡ-ಬಲ ತಪ್ಪುತ್ತಿರಲಿಲ್ಲ. ಶ್ರುತಿಕವೆಯ ಶುದ್ಧ ನಾದವಾದರೆ ಮುಂದಿನದೋ ಹಿಂದಿನದೋ ತಿಳಿಯುತ್ತಿರಲಿಲ್ಲ. ತಿಳಿಯುವುದಾದರೂ ಹೇಗೆ? ಎದುರಿನಿಂದ ಬಂದರೂ ಬೆನ್ನ ಹಿಂದಿನಿಂದ ಬಂದರೂ ಎರಡು ಕಿವಿಗೂ ದೂರ ಒಂದೇ. ನೆತ್ತಿಯ ಮೇಲಿನಿಂದ ಬಂದರೂ ಅಷ್ಟೇ. ಆದರೂ ತೆಂಗಿನಮರದ ಮೇಲಿನ ಕಾಗೆಯನ್ನು ನಾವು ಅಂಗಳದಲ್ಲಿ ಹುಡುಕುವುದಿಲ್ಲವಲ್ಲ.

ಇಲ್ಲಿಯೇ ಕಿವಿಹಾಲೆ ಬರುವುದು. ಓಲೆ ಹಾಕಲಿಕ್ಕೆ, ಮೇಷ್ಟರು ಹಿಂಡಲಿಕ್ಕೆ, ಕನ್ನಡಕ ನಿಲ್ಲಿಸಲಿಕ್ಕೆ ಎಂದು ನಾವು ತಿಳಿದಿರುವ ಈ ಸುರುಟಿದ ಮೃದ್ವಸ್ಥಿಯ ಗುಳಿ, ಏಣು, ಮಡಿಕೆಗಳಲ್ಲಿ ಸದ್ದು ತಾಗಿ ತಿರುಗಿ ಒಳಹೋಗುತ್ತದೆ. 5,000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳಲ್ಲಿ ಕೆಲವು ಹಿಗ್ಗುತ್ತವೆ, ಕೆಲವು ಕುಗ್ಗುತ್ತವೆ. ಯಾವುದು ಕುಗ್ಗಿತು ಅನ್ನುವುದು ಸದ್ದು ಎಷ್ಟು ಎತ್ತರದಿಂದ ಬಂತು ಅನ್ನುವುದನ್ನು ಅವಲಂಬಿಸಿದೆ. ಮಿದುಳು ಈ ಗುರುತನ್ನು ಓದಿ ಮೇಲೆ, ಕೆಳಗೆ, ಮುಂದೆ, ಹಿಂದೆ ಎಂದು ತೀರ್ಮಾನಿಸುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡಬಹುದು. ನಾನು ಕಣ್ಣುಮುಚ್ಚಿ, ಎರಡೂ ಕಿವಿಯ ಹಾಲೆಗಳನ್ನು ಬೆರಳಿನಿಂದ ಮಡಚಿ ಹಿಡಿದು, ಅಣ್ಣನ ಮಗಳ ಕೈಗೆ ಬೀಗದ ಕೈಗಳ ಗೊಂಚಲು ಕೊಟ್ಟೆ. ಹಣೆಯ ನೇರಕ್ಕೆ ಅಲ್ಲಾಡಿಸಿದರೂ ಗದ್ದದ ನೇರಕ್ಕೆ ಅಲ್ಲಾಡಿಸಿದರೂ ನನ್ನದು ಬರೀ ಊಹೆ. "ಚಿಕ್ಕಪ್ಪಾ, ಸುಮ್ಮನೆ ಹೇಳ್ತಾ ಇದೀಯ" ಅಂತ ಅವಳು ನಗುವುದಕ್ಕೆ ಶುರುಮಾಡಿದಳು.

ನೆದರ್ಲೆಂಡ್ಸಿನ ನೈಮೇಖನ್‌ನ ಹಾಫ್‌ಮನ್ ಮತ್ತು ಸಂಗಡಿಗರು ಇದನ್ನು ಗಂಭೀರವಾಗಿಯೇ ಮಾಡಿದರು. 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೆಲವರ ಕಿವಿಯ ಗುಳಿಗಳಿಗೆ ಅಚ್ಚು ತುಂಬಿ ಹೊರಕಿವಿಯ ಆಕಾರವನ್ನೇ ಬದಲಿಸಿದರು, ನಾಳವನ್ನು ಮುಚ್ಚದೆ. ಆ ಕ್ಷಣದಿಂದ ಅವರಿಗೆ ಎಡ-ಬಲ ತಿಳಿಯುತ್ತಿತ್ತು, ಮೇಲೆ-ಕೆಳಗೆ ಗೊತ್ತಾಗುತ್ತಿರಲಿಲ್ಲ. ಅಚ್ಚು ಹಾಕಿಕೊಂಡೇ ಓಡಾಡಿಕೊಂಡಿದ್ದರು. ಕೆಲವು ವಾರಗಳಲ್ಲಿ ಹೊಸ ಕಿವಿಯ ಗುರುತುಗಳು ಮಿದುಳಿಗೆ ಕರಗತವಾದವು. ನನಗೆ ರೋಮಾಂಚನವಾಗುವುದು ಇದರ ಮುಂದಿನದಕ್ಕೆ. ಅಚ್ಚು ತೆಗೆದಾಗ ಹಳೆಯ ಕಿವಿಯನ್ನು ಮತ್ತೆ ಕಲಿಯಬೇಕಾಗಲಿಲ್ಲ. ತೆಗೆದ ಕೂಡಲೇ ಹಳೆಯದೂ ಸರಾಗ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ ಆಡುವ ಮಂಗಳೂರಿನವರಂತೆ ಮಿದುಳು ಎರಡನ್ನೂ ಒಂದಕ್ಕೊಂದು ತಾಗಿಸದೆ ಇಟ್ಟುಕೊಂಡಿತ್ತು.

ಹೆಡ್‌ಫೋನ್ ಹಾಕಿದಾಗ ಕಿವಿಹಾಲೆಗೆ ಹೆಚ್ಚು ಕೆಲಸವಿಲ್ಲ. ಕಿವಿಯೊಳಗೆ ತುರುಕುವ ಇಯರ್‌ಫೋನ್ ಅದನ್ನು ಪೂರ್ತಿ ದಾಟಿ ಹೋಗುತ್ತದೆ. ದೊಡ್ಡ ಹೆಡ್‌ಫೋನ್ ಹಾಲೆಯನ್ನು ತಾಗಿದರೂ ಸದಾ ಒಂದೇ ಪಕ್ಕದಿಂದ ತಾಗುತ್ತದೆ. ಸಾಲದ್ದಕ್ಕೆ, ತಲೆ ತಿರುಗಿಸಿದರೆ ಹಾಡೂ ಜೊತೆಗೇ ತಿರುಗುತ್ತದೆ. ಹೊರಲೋಕದ ಯಾವ ಸದ್ದೂ ಹೀಗೆ ಮಾಡುವುದಿಲ್ಲ. ಮಿದುಳಿಗೆ ದಿಕ್ಕಿನ ಗುರುತೂ ಇಲ್ಲ, ದೂರದ ಗುರುತೂ ಇಲ್ಲ. ಹಾಗಾಗಿ ಹಾಡನ್ನು ಅದು ತಲೆಯೊಳಗೇ ಎಲ್ಲೋ ಎರಡು ಕಿವಿಗಳ ನಡುವೆ ಇಟ್ಟುಕೊಳ್ಳುತ್ತದೆ.

ಹಾಗಾದರೆ ಮಾನಿಟರ್ ಸ್ಪೀಕರ್ ಹೇಳುವುದೇ ಸತ್ಯವೇ? ಸರಿಯಾಗಿ ಕಟ್ಟಿದ ಸ್ಟುಡಿಯೋದಲ್ಲಿ, ಬಹುಮಟ್ಟಿಗೆ ಹೌದು. ನಮ್ಮ ಹುಡುಗರಿಗೆ ಸಿಗುವುದು ಹತ್ತಡಿ-ಹತ್ತಡಿಯ ಚೌಕದ ಕೋಣೆ. ಎದುರುಬದುರು ಗೋಡೆಗಳ ನಡುವೆ ಹತ್ತಡಿ ಇದ್ದರೆ 56 ಹರ್ಟ್ಸ್ ಸುತ್ತಮುತ್ತಲಿನ ಅಲೆ ಅಲ್ಲೇ ಸಿಕ್ಕಿಕೊಂಡು ಮೊರೆಯುತ್ತದೆ. ಚೌಕವಾದ್ದರಿಂದ ಎರಡೂ ಜೋಡಿ ಗೋಡೆಗಳು ಒಂದೇ ಸ್ವರವನ್ನು ಹಿಡಿದು ಕೂಗಿಸುತ್ತವೆ. ಬೇಸ್ ಗಿಟಾರಿನ ‘ಎ’ ತಂತಿಯ ಸ್ವರ 55 ಹರ್ಟ್ಸ್! ಗೋಡೆಗೆ ಒತ್ತಿಕೊಂಡು ಕೂತರೆ ಆ ಸ್ವರ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯವಾಗುತ್ತದೆ. ಮಾಯವಾಯಿತಲ್ಲ ಎಂದು ನೀವು ಬೇಸ್ ಹೆಚ್ಚಿಸುತ್ತೀರಿ. ಆ ಮಿಕ್ಸ್ ಬೇರೆ ಮನೆಗೆ ಹೋದಾಗ ಕಿಟಕಿ ಗಾಜು ನಡುಗುತ್ತದೆ.

ಇದಕ್ಕೆ ನಮ್ಮವರು ಕಂಡುಕೊಂಡ ಪರಿಹಾರ ಮೊಟ್ಟೆ ಟ್ರೇ! ಯಾವ ಊರಿನ ಮನೆ-ಸ್ಟುಡಿಯೋಗೆ ಹೋದರೂ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿ, ಮೇಲೆ ಕಪ್ಪು ಬಣ್ಣ ಬಳಿದು, ‘ಸೌಂಡ್‌ಪ್ರೂಫ್ ಮಾಡಿಸಿದ್ದೀನಿ ಸಾರ್’ ಅನ್ನುತ್ತಾರೆ. ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. 56 ಹರ್ಟ್ಸ್ ಅಲೆಯ ಉದ್ದ ಆರು ಮೀಟರ್. ಎರಡಂಗುಲದ ರಟ್ಟು ಅದಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪಕ್ಕದ ಮನೆಗೆ ಸದ್ದು ಹೋಗದಂತೆ ತಡೆಯುವುದಕ್ಕೆ ಬೇಕಾದದ್ದು ತೂಕ, ರಟ್ಟಿಗೆ ತೂಕವೆಲ್ಲಿದೆ? ತಾರದ ಸ್ವರಗಳನ್ನು ಒಂದಿಷ್ಟು ಹೀರಿ, ಮಂದ್ರವನ್ನು ಹಾಗೇ ಬಿಟ್ಟು, ಕೋಣೆಯನ್ನು ಇನ್ನಷ್ಟು ಗುಮ್ಮೆನಿಸುತ್ತದೆ. ಜೊತೆಗೆ, ವೈರುಗಳ ಜಾಲದ ನಡುವೆ ಗೋಡೆ ಪೂರ್ತಿ ಒಣರಟ್ಟು ಅಂಟಿಸಿಕೊಂಡು ಕೂರುವುದು ಬೆಂಕಿಯ ದೃಷ್ಟಿಯಿಂದ ಹುಚ್ಚು. ಮೂಲೆಗಳಲ್ಲಿ ದಪ್ಪನೆಯ ರಾಕ್‌ವೂಲ್ ನಿಲ್ಲಿಸಿದರೆ ಕೆಲಸವಾದೀತು. ದುಡ್ಡಿಲ್ಲದಿದ್ದರೆ ಗೋಡೆಗೆ ಒರಗಿಸಿದ ಹಳೆಯ ಹತ್ತಿಹಾಸಿಗೆ ಮೊಟ್ಟೆ ಟ್ರೇಗಿಂತ ಎಷ್ಟೋ ಮೇಲು.

ಇಂಥ ಕೋಣೆಯಲ್ಲಿ ಬೇಸ್ ವಿಷಯಕ್ಕೆ ನಾನು ಹೆಡ್‌ಫೋನ್ ಮಾತನ್ನೇ ನಂಬುತ್ತೇನೆ. ಅದಕ್ಕೆ ಗೋಡೆಯ ಹಂಗಿಲ್ಲ. ಅಗಲ ಎಷ್ಟು, ದನಿ ಮುಂದೋ ಹಿಂದೋ ಅನ್ನುವುದಕ್ಕೆ ಸ್ಪೀಕರ್ ಬೇಕು, ಒಂದು ಜೊತೆ ಚಿಕ್ಕವಾದರೂ ಸಾಕು. ‘ಮಾಡಲೇಬಾರದು’ ಎನ್ನುವವರಿಗೆ ಯಮಹಾ ಎನ್‌ಎಸ್-10 ನೆನಪಿಸಬೇಕು. 1978ರಲ್ಲಿ ಮನೆಬಳಕೆಗೆಂದು ಬಂದ ಬಿಳಿ ಕೋನಿನ ಆ ಸ್ಪೀಕರ್ ಮನೆಯವರಿಗೆ ಹಿಡಿಸಲಿಲ್ಲ. ಸ್ಟುಡಿಯೋದವರು ಅದನ್ನು ತಲೆಯ ಮೇಲಿಟ್ಟುಕೊಂಡರು. ಅದರ ಕರ್ಕಶ ತಾರ ತಾಳಲಾರದೆ ಟ್ವೀಟರ್ ಮೇಲೆ ಟಿಶ್ಯೂ ಕಾಗದ ಅಂಟಿಸಿಕೊಂಡು ಮಿಕ್ಸ್ ಮಾಡಿದವರಿದ್ದಾರೆ. ಅದು ನಿಜ ಹೇಳುತ್ತಿತ್ತು ಅಂತಲ್ಲ, ಅದರ ಸುಳ್ಳುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಅಡೆಲ್, ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್ ಜೊತೆ ಕೆಲಸಮಾಡಿ ಗ್ರ್ಯಾಮಿ ಪಡೆದ ಆಂಡ್ರ್ಯೂ ಶೆಪ್ಸ್ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಹೆಡ್‌ಫೋನ್‌ನಲ್ಲೇ ಮಿಕ್ಸ್ ಮಾಡುತ್ತಾರೆ. ಕೆಲವು ವಾರಗಳಲ್ಲಿ ಅಚ್ಚು ತುಂಬಿದ ಕಿವಿಯನ್ನೂ ಕಲಿಯುವ ಮಿದುಳಿಗೆ ಒಂದು ಹೆಡ್‌ಫೋನ್ ಕಲಿಯುವುದು ದೊಡ್ಡದಲ್ಲ ಎಂದು ನನ್ನ ಅಂದಾಜು. ಚೆನ್ನಾಗಿ ಮಿಕ್ಸ್ ಆದ, ನಿಮಗೆ ಕಂಠಪಾಠವಾದ ನಾಲ್ಕಾರು ಹಾಡುಗಳನ್ನು ಅದೇ ಹೆಡ್‌ಫೋನ್‌ನಲ್ಲಿ ಕೇಳುತ್ತಲೇ ಇರಬೇಕು, ಕೆಲಸದ ನಡುನಡುವೆಯೂ.

ಎಡದ ಸದ್ದನ್ನು ಚೂರು ತಡಮಾಡಿ, ಮಂಕುಮಾಡಿ ಬಲಕ್ಕೂ ಬೆರೆಸುವ ಕ್ರಾಸ್‌ಫೀಡ್ ಎಂಬ ಉಪಾಯವನ್ನು ಬೆಂಜಮಿನ್ ಬೌವರ್ 1961ರಲ್ಲೇ ಬರೆದಿಟ್ಟಿದ್ದರು. ಈಗ ಅದು ಪ್ಲಗಿನ್ ಆಗಿ ಪುಕ್ಕಟೆ ಸಿಗುತ್ತದೆ. ಅದರಿಂದ ಅಗಲದ ಭ್ರಮೆ ಇಳಿಯುತ್ತದೆ, ಹಾಡು ತಲೆಯಿಂದ ಪೂರ್ತಿ ಹೊರಬರುವುದಿಲ್ಲ. ಅದಕ್ಕೆ ನಿಮ್ಮದೇ ಕಿವಿಹಾಲೆಯ ಗುರುತು ಬೇಕು. 2022ರಿಂದ ಐಫೋನ್ ತನ್ನ ಕ್ಯಾಮೆರಾದಲ್ಲಿ ಕಿವಿಯನ್ನು ಸ್ಕ್ಯಾನ್ ಮಾಡಿಕೊಳ್ಳುವುದು ಈ ಉದ್ದೇಶಕ್ಕೇ. ಕೇಳುವ ಸುಖಕ್ಕೆ ಅದು ಚೆನ್ನ. ಮಿಕ್ಸ್ ಮಾಡುವವರಿಗೆ ಅರ್ಧ ಸಹಾಯ, ಯಾಕೆಂದರೆ ಹಾಡು ಕೇಳುವವರ ಕಿವಿ ಬೇರೆ.

ಒಂದು ಎಚ್ಚರಿಕೆ ಉಳಿದಿದೆ. ಹೆಡ್‌ಫೋನ್‌ನ ಬೇಸ್ ಕಿವಿಗೆ ಕೇಳುತ್ತದೆ, ಎದೆಗೆ ತಟ್ಟುವುದಿಲ್ಲ. ಆ ತಟ್ಟುವಿಕೆಯನ್ನು ಹುಡುಕಿಕೊಂಡು ಬೆರಳು ವಾಲ್ಯೂಮ್ ಏರಿಸುತ್ತಾ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿದ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ ಐದು.