ಕಣ್ಣಿನಿಂದ ಕೇಳಿಸಿಕೊಂಡ ನಟ

ಟಿ.ವಿ.ಯಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರ ಬಂದಾಗ ಶಿಕಾರಿಪುರ, ಸೊರಬದಂಥ ಊರುಗಳ ಮನೆಗಳಲ್ಲೂ ಹಿರಿಯರು ತಟ್ಟನೆ ಗುರುತು ಹಿಡಿಯುವ ಮುಖವೊಂದಿದೆ. ಅದು ನಾಯಕನದಲ್ಲ, ಪಕ್ಕದಲ್ಲಿ ನಿಂತು ಕುಹಕವಾಡುವ, ನಗಿಸುವ, ಕೆಲವೊಮ್ಮೆ ಕಣ್ಣು ಒದ್ದೆಯಾಗಿಸುವ ಪೋಷಕ ನಟ ಟಿ.ಎನ್. ಬಾಲಕೃಷ್ಣ ಅವರದು. ಅವರ ಮಾತಿನ ವರಸೆಗೆ ನಗುವ ಮಕ್ಕಳಿಗೆ ತಿಳಿಯದ ಸಂಗತಿಯೊಂದಿದೆ: ಆ ನಟನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಅರಸೀಕೆರೆಯಲ್ಲಿ ಹುಟ್ಟಿದ ಬಾಲಕೃಷ್ಣ ಅವರದು ಬಡತನದ ಬಾಲ್ಯ. ಕಿವಿಯ ತೊಂದರೆಯೂ ಚಿಕ್ಕಂದಿನಿಂದಲೇ ಜೊತೆಗಿತ್ತು. ನಾಟಕ ಕಂಪನಿಗಳೇ ಅವರ ಪಾಠಶಾಲೆಯಾದವು. ಕನ್ನಡ ಚಿತ್ರ ಮಾತನಾಡಲು ಕಲಿತದ್ದು 1934ರಲ್ಲಿ, 'ಸತಿ ಸುಲೋಚನ'ದಿಂದ. ಒಂಬತ್ತು ವರ್ಷಗಳ ನಂತರ, 1943ರ 'ರಾಧಾರಮಣ'ದಲ್ಲಿ ಬಾಲಕೃಷ್ಣ ತೆರೆಗೆ ಬಂದರು. ಜಿ.ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ.

ಆರಂಭದ ವಾಕ್ಚಿತ್ರಗಳಲ್ಲಿ ಸಂಭಾಷಣೆಯನ್ನು ಚಿತ್ರೀಕರಣದ ಹೊತ್ತಿನಲ್ಲೇ ಧ್ವನಿಮುದ್ರಿಸಿಕೊಳ್ಳುವುದು ರೂಢಿ. ಒಬ್ಬರು ತಡವರಿಸಿದರೂ ದೃಶ್ಯವನ್ನು ಮತ್ತೆ ತೆಗೆಯಬೇಕು. ಅಷ್ಟು ಫಿಲ್ಮ್ ದಂಡ. ಎದುರಿನವರ ಮಾತಿಗೆ ತಕ್ಕ ಗಳಿಗೆಯಲ್ಲಿ ಉತ್ತರ ಕೊಡುವುದೇ ಪೋಷಕ ನಟನ ಮುಖ್ಯ ಕೆಲಸ. ಹಾಸ್ಯದಲ್ಲಂತೂ ಅರೆಗಳಿಗೆ ತಡವಾದರೆ ನಗು ಹುಟ್ಟುವುದೇ ಇಲ್ಲ. ಬಾಲಕೃಷ್ಣ ಸಹನಟರ ತುಟಿಗಳ ಚಲನೆಯನ್ನು ನೋಡಿಯೇ ಮಾತನ್ನು ಗ್ರಹಿಸಿ ಉತ್ತರ ಕೊಡುತ್ತಿದ್ದರು. ನೋಡುವವರಿಗೆ ಕೊರತೆಯ ಸುಳಿವೇ ಸಿಗುತ್ತಿರಲಿಲ್ಲ!

ಕನ್ನಡ ಚಿತ್ರಗಳೇ ವಿರಳವಾಗಿದ್ದ ದಿನಗಳಲ್ಲಿ ಅವರು ಕೈಕಟ್ಟಿ ಕೂರಲಿಲ್ಲ. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರ ಜೊತೆಗೂಡಿ ಕಲಾವಿದರ ಸಂಘ ಕಟ್ಟಿ, ಊರೂರು ಸುತ್ತಿ ನಾಟಕವಾಡಿದರು. ಅದೇ ಗೆಳೆಯರ ಬಳಗ 1960ರಲ್ಲಿ 'ರಣಧೀರ ಕಂಠೀರವ' ಚಿತ್ರ ನಿರ್ಮಿಸಿತು. 'ಬಂಗಾರದ ಮನುಷ್ಯ' (1972) ಚಿತ್ರದ ರಾಚೂಟಪ್ಪನನ್ನು ಮರೆತವರುಂಟೆ? ಹೀಗೆ ಅವರು ನಟಿಸಿದ ಚಿತ್ರಗಳು 500ಕ್ಕೂ ಹೆಚ್ಚು.

ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ, ಇಲ್ಲಿಯೇ ಒಂದು ಸ್ಟುಡಿಯೋ ಬೇಕೆಂದು ಬೆಂಗಳೂರಿನ ಹೊರವಲಯದಲ್ಲಿ 'ಅಭಿಮಾನ್ ಸ್ಟುಡಿಯೋ' ಕಟ್ಟಲು ಹೊರಟರು. ಗಳಿಸಿದ್ದನ್ನು ಅದಕ್ಕೇ ಸುರಿದರು. ಹಣದ ಮುಗ್ಗಟ್ಟು ಅವರನ್ನು ಬಿಡಲಿಲ್ಲ, ಕನಸು ಅಂದುಕೊಂಡಂತೆ ಕೈಗೂಡಲೂ ಇಲ್ಲ. 1995ರ ಜುಲೈ 19ರಂದು ಅವರು ತೀರಿಕೊಂಡರು. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಇದೇ ಸ್ಟುಡಿಯೋದ ನೆಲದಲ್ಲಿ.

ಬಾಲಕೃಷ್ಣ ಅವರ ಕಥೆಯಲ್ಲಿ ತಂದೆತಾಯಿಯರು ಗಮನಿಸಬೇಕಾದ ಮಾತೊಂದಿದೆ. ಕಿವಿ ಮಂದವಾದರೆ ಬುದ್ಧಿ ಮಂದವಾಗುವುದಿಲ್ಲ. ಕರೆದರೆ ಓಗೊಡದ, ಟಿ.ವಿ. ಸದ್ದು ಮತ್ತೆ ಮತ್ತೆ ಏರಿಸುವ, ಉಕ್ತಲೇಖನದಲ್ಲಿ ಪದೇ ಪದೇ ತಪ್ಪುವ ಮಗುವನ್ನು 'ಸೋಮಾರಿ', 'ದಡ್ಡ' ಎಂದು ಜರಿಯುವ ಮೊದಲು ವೈದ್ಯರಿಂದ ಒಮ್ಮೆ ಕಿವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಶ್ರವಣ ಸಾಧನಗಳಿರುವ ಈ ಕಾಲದಲ್ಲಿ ತೊಂದರೆ ಬೇಗ ಗೊತ್ತಾದಷ್ಟೂ ಕಲಿಕೆ ಹಗುರ. ತರಗತಿಯಲ್ಲಿ ಮುಂದಿನ ಸಾಲಿನ ಜಾಗ, ಮುಖ ನೋಡಿ ಮಾತನಾಡುವ ಮೇಷ್ಟ್ರು, ಎರಡನೇ ಸಲ ಕೇಳಿದರೆ ರೇಗದ ಮನೆಯವರು - ಇಷ್ಟಕ್ಕೆ ಖರ್ಚೇನೂ ಇಲ್ಲ.

ಬಾಲಕೃಷ್ಣ ಅವರ ಕಾಲಕ್ಕೆ ಇಂಥ ಅನುಕೂಲಗಳು ಸುಲಭವಾಗಿರಲಿಲ್ಲ. ಆದರೂ ಅವರು ಅರ್ಧ ಶತಮಾನ ಬಣ್ಣ ಹಚ್ಚಿದರು, ನಾಡನ್ನೇ ನಗಿಸಿದರು.